ಅರ್ಧ ತಿಂಗಳ ಸಂಬಳ ಅರ್ಧ ಆಗಲಿಲ್ಲ

ನಮ್ಮದು ಸಣ್ಣ ಆಫೀಸು. ಸಂಬಳದ ಲೆಕ್ಕ ನೋಡುವವನು ನಾನೊಬ್ಬನೇ. ಅದಕ್ಕೆ ಬೇಕಾದ ಎಕ್ಸೆಲ್ ಶೀಟನ್ನೂ ನಾನೇ ಕೂತು ಮಾಡಿದ್ದೆ. ಒಂದೂವರೆ ವರ್ಷ ಯಾರೂ ತಕರಾರು ತೆಗೆಯಲಿಲ್ಲ. ತಕರಾರು ಇಲ್ಲ ಅಂದಮೇಲೆ ಲೆಕ್ಕ ಸರಿಯಿದೆ ಅಂತ ನಾನೂ ಹಾಯಾಗಿದ್ದೆ. ತಿಂಗಳ ಮಧ್ಯೆ ಕೆಲಸಕ್ಕೆ ಸೇರುವವರ, ಬಿಡುವವರ ಸಂಬಳ ಲೆಕ್ಕ ಹಾಕುವವರು ಇದನ್ನು ಓದಿ. ಆ ಸಂಬಳ ತೆಗೆದುಕೊಳ್ಳುವವರು ಇನ್ನೂ ಗಮನವಿಟ್ಟು ಓದಿ.

ಒಬ್ಬರು 15ನೇ ತಾರೀಖಿಗೆ ಕೆಲಸ ಬಿಟ್ಟರು. ಅವರ ಜಾಗಕ್ಕೆ ಇನ್ನೊಬ್ಬರು 16ಕ್ಕೆ ಸೇರಿದರು. ಇಬ್ಬರದೂ ಒಂದೇ ಸಂಬಳ. ಲೆಕ್ಕ ಸುಲಭವಾಗಲಿ ಅಂತ 30,000 ಅಂದುಕೊಳ್ಳಿ. ಅದು ಸೋಮವಾರ ಶುರುವಾದ 30 ದಿನದ ತಿಂಗಳು. ಶನಿವಾರ, ಭಾನುವಾರ ರಜೆ ಬಿಟ್ಟರೆ 22 ಕೆಲಸದ ದಿನ. ಮೊದಲ ಅರ್ಧದಲ್ಲಿ 11, ಎರಡನೇ ಅರ್ಧದಲ್ಲಿ 11. ನನ್ನ ಶೀಟು ಇಬ್ಬರಿಗೂ 11,000 ತೋರಿಸಿತು. ನಾನು ಕಣ್ಣು ಮುಚ್ಚಿಕೊಂಡು ಕಳಿಸಿದೆ.

ಸಂಬಳ ಕೈಸೇರಿದ ಮೂರನೇ ದಿನಕ್ಕೆ ಹೊಸಬರು ನನ್ನ ಮೇಜಿನ ಹತ್ತಿರ ಬಂದರು. ಕೆಲಸಕ್ಕೆ ಸೇರಿದ ಮೊದಲ ತಿಂಗಳೇ ದುಡ್ಡಿನ ವಿಷಯ ಕೇಳೋದು ಅವರಿಗೂ ಮುಜುಗರವೇ. "ಸರ್, ತಪ್ಪು ತಿಳ್ಕೋಬೇಡಿ. ಅರ್ಧ ತಿಂಗಳು ಕೆಲಸ ಮಾಡಿದೀನಿ. ಅರ್ಧ ಸಂಬಳ ಯಾಕೆ ಬಂದಿಲ್ಲ?" ಅಂದರು. ನಾನು ಸ್ವಲ್ಪ ಗತ್ತಿನಲ್ಲೇ ಶೀಟು ತೆರೆದು ವಿವರಿಸಲು ಹೋದೆ. ಒಂದು ದಿನಕ್ಕೆ 30,000 ಭಾಗ 30, ಅಂದರೆ 1,000. ನೀವು ಕೆಲಸ ಮಾಡಿದ್ದು 11 ದಿನ. ಅಲ್ಲಿಗೆ 11,000. ಹೇಳುತ್ತಾ ಹೇಳುತ್ತಾ ನನ್ನ ಮಾತು ನನಗೇ ಸರಿ ಕಾಣಲಿಲ್ಲ.

ಭಾಗಿಸುವಾಗ ರಜೆಯ ದಿನಗಳನ್ನೂ ಸೇರಿಸಿ 30 ಅಂದಿದ್ದೆ. ಗುಣಿಸುವಾಗ ರಜೆ ಬಿಟ್ಟು 11 ಅಂದಿದ್ದೆ. 15 ದಿನವನ್ನು 30ಕ್ಕೆ ಹೋಲಿಸಿ, ಇಲ್ಲ 11 ದಿನವನ್ನು 22ಕ್ಕೆ ಹೋಲಿಸಿ. ಎರಡು ದಾರಿಯಲ್ಲೂ 15,000 ಬರುತ್ತದೆ. ನಾನು ಒಂದರ ತಲೆ, ಇನ್ನೊಂದರ ಬಾಲ ಸೇರಿಸಿದ್ದೆ. ಹೋದವರ ಸಂಬಳ, ಬಂದವರ ಸಂಬಳ ಕೂಡಿಸಿ ನೋಡಿದರೆ ಒಟ್ಟು 22,000. ಆ ಕುರ್ಚಿ ತಿಂಗಳಲ್ಲಿ ಒಂದು ದಿನವೂ ಖಾಲಿ ಇರಲಿಲ್ಲ, ಆದರೂ 8,000 ಮಾಯ. ಆ ತಿಂಗಳ ಎಂಟು ಶನಿವಾರ ಭಾನುವಾರಗಳ ದುಡ್ಡು ಅದು.

ಇಲ್ಲಿಗೆ ಮುಗಿದಿದ್ದರೆ ಬರೆಯುವಷ್ಟು ದೊಡ್ಡ ಕಥೆ ಆಗುತ್ತಿರಲಿಲ್ಲ. ನಾನು ಗಾಬರಿಯಲ್ಲಿ ಸೂತ್ರವನ್ನೇ ತಿರುಗಿಸಿಬಿಟ್ಟೆ. ಬಂದ ದಿನ ಎಣಿಸಿ ಕೊಡುವ ಬದಲು, ಬಾರದ ದಿನಗಳನ್ನು ರಜೆಯೂ ಸೇರಿಸಿ ಎಣಿಸಿ ಪೂರ್ತಿ ಸಂಬಳದಿಂದ ಕಳೆಯೋಣ ಅಂದುಕೊಂಡೆ. ದಿನಕ್ಕೆ ಅದೇ 1,000. 30 ದಿನದ ತಿಂಗಳಲ್ಲಿ ಹಾಕಿ ನೋಡಿದೆ, ಸರಿಯಾಗಿ ಬಂತು. ಸಮಾಧಾನ ಆಯ್ತು. ಆದರೆ ಎಲ್ಲ ತಿಂಗಳಿಗೂ 30 ದಿನ ಇರಲ್ಲ, ಅಲ್ವಾ?

ಜನವರಿ 31ಕ್ಕೆ ಒಬ್ಬರು ಸೇರಿದರು. ಬಾರದ ದಿನ 30. ಕಳೆಯಬೇಕಾದದ್ದು 30,000. ಒಂದು ದಿನ ದುಡಿದ ಮನುಷ್ಯನಿಗೆ ಶೀಟು ಸೊನ್ನೆ ತೋರಿಸಿತು. ಪುಣ್ಯಕ್ಕೆ ಸೊನ್ನೆ ಕಣ್ಣಿಗೆ ಹೊಡೆಯುತ್ತದೆ, ಹಣ ಕಳಿಸುವ ಮೊದಲೇ ಹಿಡಿದೆ. ಅದೇ ಸೂತ್ರದಲ್ಲಿ ಫೆಬ್ರವರಿ 28ಕ್ಕೆ ಸೇರುವವರನ್ನು ಹಾಕಿ ನೋಡಿದೆ. ಬಾರದ ದಿನ 27, ಉಳಿಯುವುದು 3,000. ಅದೂ ಒಂದೇ ದಿನಕ್ಕೆ! ಎರಡು ಕೂಡ ಒಂದೇ ದಿನದ ಕೆಲಸ. ಒಬ್ಬರಿಗೆ ಸೊನ್ನೆ, ಇನ್ನೊಬ್ಬರಿಗೆ ಮೂರು ಪಟ್ಟು. ಹಾಗಂತ ಬಂದ ದಿನಗಳನ್ನು ರಜೆಯೂ ಸೇರಿಸಿ ಎಣಿಸಿದರೂ ಕಷ್ಟವೇ. 30ರಿಂದ ಭಾಗಿಸುವ ಪದ್ಧತಿ ಇಟ್ಟುಕೊಂಡು 28 ದಿನದ ಫೆಬ್ರವರಿ 2ಕ್ಕೆ ಸೇರಿದವರಿಗೆ ಲೆಕ್ಕ ಹಾಕಿ. ಬಂದ 27 ದಿನ ಎಣಿಸಿದರೆ 27,000. ಬಾರದ ಒಂದು ದಿನ ಕಳೆದರೆ 29,000. ಯಾರ ಕಡೆ ವಾಲಬೇಕು ಅಂತ ಗೊತ್ತಿದ್ದವರು ಬೇಕಾದ ಸೂತ್ರ ಆರಿಸಿಕೊಳ್ಳಬಹುದು. ಇದು ನನಗೆ ನಿಜಕ್ಕೂ ಭಯ ಹುಟ್ಟಿಸಿದ ಮಾತು.

ಈಗ ನಾನು ಆ ತಿಂಗಳಲ್ಲಿ ನಿಜವಾಗಿ ಎಷ್ಟು ದಿನ ಇದೆಯೋ ಅಷ್ಟರಿಂದಲೇ ಭಾಗಿಸುತ್ತೇನೆ. ಬಂದ ದಿನ ಎಣಿಸಿದರೂ, ಬಾರದ ದಿನ ಕಳೆದರೂ ಉತ್ತರ ಒಂದೇ ಬರುತ್ತದೆ. ಕೆಲಸದ ದಿನಗಳಿಂದ ಭಾಗಿಸಿದರೂ ಹಾಗೇ. ಆದರೆ ಈ ಎರಡು ಪದ್ಧತಿಗಳು ಒಂದಕ್ಕೊಂದು ಹೊಂದುವುದಿಲ್ಲ. 2025ರ ನವೆಂಬರ್ ತೆಗೆದು ನೋಡಿ. ಶನಿವಾರ ಶುರು, ಭಾನುವಾರ ಕೊನೆ. ಸೋಮವಾರ 3ಕ್ಕೆ ಸೇರಿ ಶುಕ್ರವಾರ 28ಕ್ಕೆ ಬಿಟ್ಟವರು ಒಂದು ಕೆಲಸದ ದಿನವನ್ನೂ ತಪ್ಪಿಸಿಲ್ಲ, 20ಕ್ಕೆ 20. ಕೆಲಸದ ದಿನಗಳ ಲೆಕ್ಕದಲ್ಲಿ ಅವರಿಗೆ ಪೂರ್ತಿ 30,000. ಕ್ಯಾಲೆಂಡರ್ ಲೆಕ್ಕದಲ್ಲಿ 26 ದಿನ, ಅಂದರೆ 26,000. ಹಾಗಾಗಿ ತಿಂಗಳ ಮೊದಲ ಸೋಮವಾರ ಸೇರುವವರು ನೀವಾದರೆ, ಸೇರುವ ತಾರೀಖು 1 ಅಂತ ಬರೆಯುತ್ತಾರೋ 3 ಅಂತ ಬರೆಯುತ್ತಾರೋ ಕೇಳಿ. ಬಿಡುವಾಗ ಕೊನೆಯ ದಿನ ಶುಕ್ರವಾರವೋ ಭಾನುವಾರವೋ ಅದನ್ನೂ ಕೇಳಿ. ಕೇಳುವುದರಲ್ಲಿ ನಾಚಿಕೆ ಏನಿಲ್ಲ.

ಕೆಲಸದ ದಿನಗಳ ಲೆಕ್ಕಕ್ಕೂ ಅದರದ್ದೇ ಒಂದು ಕಿರಿಕಿರಿ ಇದೆ. ವಾರಕ್ಕೆ ಐದು ದಿನದ ಕೆಲಸವಾದರೆ ಕೆಲಸದ ದಿನ ಒಂದು ತಿಂಗಳು 20, ಇನ್ನೊಂದು ತಿಂಗಳು 23. ಒಂದು ದಿನದ ಬೆಲೆ ಒಮ್ಮೆ 1,500, ಇನ್ನೊಮ್ಮೆ ಸುಮಾರು 1,304. ಸಂಬಳವಿಲ್ಲದ ರಜೆ ಫೆಬ್ರವರಿಯಲ್ಲಿ ಹಾಕಿದರೆ ಜಾಸ್ತಿ ಕೈ ಸುಡುತ್ತದೆ. ಯಾವ ಪದ್ಧತಿ ಅಂತ ಕಾನೂನೇ ಹೇಳಿರುವ ಕಡೆ ಅದನ್ನೇ ಹಿಡಿಯಿರಿ. ಇಲ್ಲದ ಕಡೆ ನೇಮಕದ ಪತ್ರದಲ್ಲಿ ಒಂದು ಸಾಲು ಬರೆದಿಡಿ. ನಮ್ಮ ಪತ್ರದಲ್ಲಿ ಆ ಸಾಲು ಇರಲಿಲ್ಲ. ಅದಕ್ಕೇ ನನ್ನ ಶೀಟು ಹೇಳಿದ್ದೇ ನಿಯಮ ಆಗಿಬಿಟ್ಟಿತ್ತು.

ಶೀಟಿನಲ್ಲಿ ಇನ್ನೊಂದು ಹುಳ ಕೂತಿತ್ತು. 16ರಿಂದ 30ರವರೆಗೆ ಎಷ್ಟು ದಿನ? 30ರಲ್ಲಿ 16 ಕಳೆದರೆ 14. ಬೆರಳು ಮಡಚಿ ಎಣಿಸಿದರೆ 15. ಎಕ್ಸೆಲ್‌ನಲ್ಲಿ ಒಂದು ತಾರೀಖಿನಿಂದ ಇನ್ನೊಂದನ್ನು ಸುಮ್ನೆ ಕಳೆದರೆ ಮೊದಲ ದಿನ ಬಿಟ್ಟುಹೋಗುತ್ತದೆ. ಕೆಲಸದ ದಿನ ಎಣಿಸುವ ನೆಟ್‌ವರ್ಕ್‌ಡೇಸ್ ಅನ್ನೋ ಸೂತ್ರ ಮಾತ್ರ ಎರಡೂ ತುದಿಯನ್ನು ಸೇರಿಸಿಕೊಳ್ಳುತ್ತದೆ. ಒಂದು ಕಾಲಮ್ಮಿಗೆ ಅದು, ಪಕ್ಕದ ಕಾಲಮ್ಮಿಗೆ ಇದು ಬಳಸಿದರೆ ಒಂದು ದಿನದ ಸಂಬಳ ಸದ್ದಿಲ್ಲದೆ ಜಾರುತ್ತದೆ. ಹಾಂ, ಇನ್ನೊಂದು. ಹೊಸಬರು ಆಫೀಸಿನ ಕೆಲಸಕ್ಕೆ ಓಡಾಡಿ ಸ್ವಂತ ಕೈಯಿಂದ ಹಾಕಿದ್ದ ಖರ್ಚನ್ನೂ ನನ್ನ ಸೂತ್ರ ದಿನದ ಲೆಕ್ಕದಲ್ಲಿ ಕತ್ತರಿಸಿತ್ತು. ಖರ್ಚು ಖರ್ಚೇ. ಅದಕ್ಕೆ ಅರ್ಧ ತಿಂಗಳು ಪೂರ್ತಿ ತಿಂಗಳು ಅಂತ ಇಲ್ಲ.

ಈಗ ಶೀಟಿನ ಮೂಲೆಯಲ್ಲಿ ಇಬ್ಬರು ಸುಳ್ಳು ನೌಕರರನ್ನು ಕೂರಿಸಿದ್ದೇನೆ. ಒಬ್ಬ ಪ್ರತಿ ತಿಂಗಳೂ ಮಧ್ಯೆ ಯಾವುದೋ ಒಂದು ದಿನ ಕೆಲಸ ಬಿಡುತ್ತಾನೆ, ಮರುದಿನ ಇನ್ನೊಬ್ಬ ಸೇರುತ್ತಾನೆ. ಇಬ್ಬರ ಸಂಬಳ ಕೂಡಿಸಿದರೆ ಒಂದು ಪೂರ್ತಿ ತಿಂಗಳ ಸಂಬಳಕ್ಕೆ ಸಮ ಬರಲೇಬೇಕು. ಬರದಿದ್ದರೆ ಆ ಖಾನೆ ಕೆಂಪಾಗುತ್ತದೆ, ನಾನು ಯಾರಿಗೂ ಹಣ ಕಳಿಸುವುದಿಲ್ಲ. ತಿಂಗಳ ಮಧ್ಯೆ ಸಂಬಳ ಏರಿದವರಿಗೂ ಇದೇ ಪರೀಕ್ಷೆ. ಹಳೆಯ ದರದ ದಿನ, ಹೊಸ ದರದ ದಿನ ಎರಡೂ ಸೇರಿ ಪೂರ್ತಿ ತಿಂಗಳಾಗಬೇಕು.

ಹೊಸಬರಿಗೆ ಬಾಕಿ 4,000 ಅದೇ ದಿನ ಕೊಟ್ಟೆವು. ಆಮೇಲೆ ಹಿಂದಿನ ಒಂದೂವರೆ ವರ್ಷದ ಕಡತ ಬಿಚ್ಚಿ, ಕಡಿಮೆ ಹೋದವರಿಗೆಲ್ಲ ಫೋನ್ ಮಾಡಿದೆ. ಒಬ್ಬರು ನಕ್ಕರು. ಇನ್ನೊಬ್ಬರು, "ಆಗಲೇ ಅನುಮಾನ ಬಂದಿತ್ತು, ಕೆಲಸ ಬಿಟ್ಟಮೇಲೆ ಯಾರನ್ನ ಕೇಳೋದು ಅಂತ ಸುಮ್ಮನಾದೆ" ಅಂದರು. 15ಕ್ಕೆ ಬಿಟ್ಟಿದ್ದರಲ್ಲ, ಅವರ ನಂಬರ್ ಈಗ ಚಾಲ್ತಿಯಲ್ಲಿಲ್ಲ. ಬ್ಯಾಂಕ್ ಖಾತೆಯೂ ಮುಚ್ಚಿದೆ. ಅವರ 4,000 ಇನ್ನೂ ಲೆಕ್ಕದ ಪುಸ್ತಕದಲ್ಲಿ ಕೊಡಬೇಕಾದ ಬಾಕಿ ಅಂತಲೇ ಕೂತಿದೆ.