ಹಿಮ್ಮಡಿ ಚುಚ್ಚುವಾಗ: ಎದೆಯ ಮೇಲೋ, ಅಂಗೈಯೊಳಗೋ?

ಅವಧಿಗೆ ಮುನ್ನ ಹುಟ್ಟಿದ ಕೂಸಿನ ಹಿಮ್ಮಡಿಯನ್ನು ರಕ್ತಪರೀಕ್ಷೆಗೆಂದು ಮತ್ತೆ ಮತ್ತೆ ಚುಚ್ಚಬೇಕಾಗುತ್ತದೆ. ಇಷ್ಟು ಚಿಕ್ಕ ಮಗುವಿಗೆ ನೋವು ಗೊತ್ತಾಗದು ಎನ್ನುವುದು ಶುದ್ಧ ತಪ್ಪು. ಜೋರಾಗಿ ಅಳಲು ಶಕ್ತಿ ಸಾಲದು, ಅಷ್ಟೇ. ಹುಬ್ಬು ಗಂಟಿಕ್ಕುತ್ತದೆ, ಕಣ್ಣು ಬಿಗಿಯುತ್ತದೆ, ಬೆರಳುಗಳು ಅಗಲವಾಗಿ ಬಿಚ್ಚಿಕೊಳ್ಳುತ್ತವೆ.

ಮಗುವಿನ ಸ್ಥಿತಿ ಸ್ಥಿರವಾಗಿದ್ದರೆ, ಈ ನೋವು ತಗ್ಗಿಸಲು ನನ್ನ ಆಯ್ಕೆ ಕಾಂಗರೂ ಆರೈಕೆ. ಡೈಪರ್ ಮಾತ್ರ ಹಾಕಿದ ಮಗುವನ್ನು ತಾಯಿಯ ಅಥವಾ ತಂದೆಯ ಬರಿ ಎದೆಗೆ ಒರಗಿಸಿ, ಬೆನ್ನಿಗೆ ಹೊದಿಕೆ ಹೊದಿಸಬೇಕು. ಚುಚ್ಚುವುದಕ್ಕೆ 10–15 ನಿಮಿಷ ಮೊದಲೇ ಶುರುಮಾಡಿ, ಮುಗಿದ ಮೇಲೂ ಹಾಗೇ ಇಟ್ಟುಕೊಳ್ಳಿ. ಏರಿದ ಎದೆಬಡಿತ ಬೇಗ ಹತೋಟಿಗೆ ಬರುತ್ತದೆ. ಆದರೆ ನಳಿಕೆ, ವೈರುಗಳ ಸಮೇತ ಎತ್ತಿಕೊಡಲು ನರ್ಸ್ ಜೊತೆಗಿರಲೇಬೇಕು, ಸಮಯವೂ ಬೇಕು.

ಮಗುವನ್ನು ಎತ್ತುವಂತಿಲ್ಲ, ಅಥವಾ ಪರೀಕ್ಷೆ ದಿಢೀರನೆ ಬಂತು ಎಂದಾಗ ಅಂಗೈಯ ಆಸರೆಯೇ ಸರಿ. ಬೆಚ್ಚಗಿನ ಒಂದು ಕೈ ತಲೆಯ ಮೇಲೆ. ಇನ್ನೊಂದು, ಮಡಿಸಿದ ಕಾಲುಗಳನ್ನು ಹೊಟ್ಟೆಯ ಕಡೆಗೆ ಒತ್ತರಿಸಿ ಹಿಡಿದಿರಲಿ. ಸವರಬೇಡಿ, ತಟ್ಟಬೇಡಿ; ಅಂಥ ಸ್ಪರ್ಶ ಈ ಮಕ್ಕಳಿಗೆ ಬಹುಬೇಗ ಅತಿಯಾಗುತ್ತದೆ. ಮಗು ಶಾಂತವಾದ ಮೇಲಷ್ಟೇ ನಿಧಾನವಾಗಿ ಕೈ ತೆಗೆಯಿರಿ.

ಸಕ್ಕರೆ ದ್ರಾವಣವನ್ನು ಎರಡರ ಜೊತೆಗೂ ಕೊಡಬಹುದು: ವೈದ್ಯರು ಹೇಳಿದಷ್ಟೇ ಹನಿ, ಸುಮಾರು 2 ನಿಮಿಷ ಮೊದಲು, ನಾಲಿಗೆಯ ತುದಿಗೆ. ಅದನ್ನೇ ನೆಚ್ಚಿ ಮಗುವನ್ನು ಒಂಟಿಯಾಗಿ ಬಿಡುವುದನ್ನು ನಾನು ಒಪ್ಪಲಾರೆ.