ದಿ ಹಂಟರ್ ಕಾಲ್ ಆಫ್ ದಿ ವೈಲ್ಡ್: ವರ್ಷಗಟ್ಟಲೆ ಆಡಿದ ಮೇಲೆ, ಅದರ ಪ್ರಾಣಿಗಳ ಗದ್ದಲದ ಬಗ್ಗೆ

ಕಂಪ್ಯೂಟರ್‌ನಲ್ಲಿ ಆಡುವ ಈ ಬೇಟೆಯ ಆಟವನ್ನು ಹೊಸದಾಗಿ ಕೊಂಡವರು ಹೇಳುವ ಮೊದಲ ದೂರು ಇದೇ: ಪ್ರಾಣಿಗಳು ಜಾಸ್ತಿ ಕೂಗುತ್ತವೆ. ಹುಲ್ಲಿನಲ್ಲಿ ಬಗ್ಗಿಕೊಂಡು ಹೋಗಿ ಇನ್ನೇನು ಹತ್ತಿರ ಬಂದೆವು ಅನ್ನುವಾಗ ಎಲ್ಲಿಂದಲೋ ಒಂದು ಕೂಗು ಬರುತ್ತದೆ, ಗುಂಪೆಲ್ಲ ಓಡುತ್ತದೆ. ಕೆರೆ ಕಡೆ ಹೋದರೆ ಬಾತುಗಳ ಗಲಾಟೆ. ರಾತ್ರಿಯಾದರೆ ನರಿ. ಸೌಂಡ್ ತಗ್ಗಿಸಿಬಿಡಬೇಕು ಅನ್ನಿಸುವುದು ಸಹಜ.

ದಯವಿಟ್ಟು ತಗ್ಗಿಸಬೇಡಿ. ಶಿರಸಿ ಹತ್ತಿರದ ನಮ್ಮ ಮನೆಯಲ್ಲಿ ಕೂತು ವರ್ಷಗಳಿಂದ ಇದನ್ನು ಆಡುತ್ತಿದ್ದೇನೆ. ಇದರಲ್ಲಿ ಎಲ್ಲಕ್ಕಿಂತ ಚೆನ್ನಾಗಿರುವುದೇ ಆ ಗದ್ದಲ. ಅದನ್ನು ಬಿಡಿಸಿ ಕೇಳಲು ಬಂದರೆ ಅರ್ಧ ಆಟ ಬಂದ ಹಾಗೆ.

ಗೊತ್ತಿಲ್ಲದವರಿಗೆ ಚುಟುಕಾಗಿ ಹೇಳುತ್ತೇನೆ. ಇದು 2017ರಲ್ಲಿ ಬಂದ ಆಟ, ಮಾಡಿದವರು ಸ್ವೀಡನ್‌ನವರು. ಕೊಂಡ ಕೂಡಲೇ ಎರಡು ಕಾಡು ಸಿಗುತ್ತವೆ. ಒಂದು ಜರ್ಮನಿಯ ಮಾದರಿಯ ಹಿರ್ಶ್‌ಫೆಲ್ಡನ್, ಇನ್ನೊಂದು ಅಮೆರಿಕದ ಮಾದರಿಯ ಲೇಟನ್ ಲೇಕ್. ಒಂದೊಂದೂ ಸುಮಾರು 64 ಚದರ ಕಿಲೋಮೀಟರ್. ಬಹುಪಾಲು ಹೊತ್ತು ನಡೆಯುವುದು, ಕೂರುವುದು, ಕಾಯುವುದು. ಓಡಿ ಓಡಿ ಗುಂಡು ಹಾರಿಸುವ ಆಟ ಬೇಕಾದವರಿಗೆ ಇದು ಹಿಡಿಸುವುದಿಲ್ಲ.

ಈಗ ಕೂಗಿನ ವಿಷಯ. ಪ್ರಾಣಿ ಕೂಗಿದಾಗ ಆ ದಿಕ್ಕಿನಲ್ಲಿ ಪರದೆಯ ಮೇಲೆ ಒಂದು ಗುರುತು ಮೂಡುತ್ತದೆ. ಅತ್ತ ತಿರುಗಿ ಕೀ ಒತ್ತಿದರೆ ಹಂಟರ್‌ಮೇಟ್ ಎಂಬ ಕೈಸಾಧನ ಅದು ಯಾವ ಪ್ರಾಣಿ, ಎಂಥ ಕೂಗು ಎಂದು ಹೇಳುತ್ತದೆ. ನೀವು ಮುಖ್ಯವಾಗಿ ತಿಳಿಯಬೇಕಾದದ್ದು ಎರಡು: ಬೆದೆಯ ಕೂಗು ಮತ್ತು ಎಚ್ಚರಿಕೆಯ ಕೂಗು. ಮೊದಲನೆಯದು ಕೇಳಿದರೆ ಪ್ರಾಣಿಗೆ ನಿಮ್ಮ ಸುಳಿವಿಲ್ಲ. ಎರಡನೆಯದು ಕೇಳಿದರೆ ಸುಳಿವು ಸಿಕ್ಕಿದೆ. ಕೆಲವು ದಿನ ಸಾಧನ ನೋಡಿ ಕಲಿಯಿರಿ, ಆಮೇಲೆ ಅದನ್ನು ನೋಡದೆ ಕೇಳಿ.

ನಮ್ಮ ಕಡೆಯವರಿಗೆ ಇದು ಬೇಗ ಹತ್ತುತ್ತದೆ. ಹಿರ್ಶ್‌ಫೆಲ್ಡನ್‌ನಲ್ಲಿ ಮೊದಲು ಸಿಗುವ ರೋ ಜಿಂಕೆ ಗಾಬರಿಯಾದಾಗ ಬೊಗಳುತ್ತದೆ. ನಮ್ಮ ಕಾಡುಕುರಿಯೂ ಹಾಗೇ ಅಲ್ವಾ? ಸಂಜೆ ಹೊತ್ತು ಸೊಪ್ಪಿನ ಬೆಟ್ಟದಲ್ಲಿ ಕಾಡುಕುರಿ ಬೊಗಳಿದರೆ ಊರಿನವರು ಯಾರೂ ನಾಯಿ ಅಂದುಕೊಳ್ಳುವುದಿಲ್ಲ. ಅಲ್ಲೇನೋ ಓಡಾಡುತ್ತಿದೆ ಎಂದು ಒಂದು ಗಳಿಗೆ ನಿಂತು ಕೇಳುತ್ತಾರೆ. ಕೂಗು ಅಲ್ಲೇ ಇದೆಯೋ, ದೂರ ಸರಿಯುತ್ತಿದೆಯೋ ನೋಡುತ್ತಾರೆ. ಆಟದಲ್ಲೂ ಬೇಕಾದದ್ದು ಇಷ್ಟೇ.

ಎಚ್ಚರಿಕೆಯ ಕೂಗು ಬಂದರೆ ಎದ್ದು ಹಿಂದೆ ಓಡಬೇಡಿ. ಇದ್ದಲ್ಲೇ ಕುಕ್ಕರುಗಾಲಿನಲ್ಲಿ ಕೂತುಬಿಡಿ, ಬಯಲಾದರೆ ಮಲಗಿಬಿಡಿ. ಆಮೇಲೆ ಯಾಕೆ ಕೂಗಿತು ಎಂದು ಯೋಚಿಸಿ. ಪ್ರಾಣಿ ನಿಮ್ಮನ್ನು ಕಂಡಿರಬಹುದು, ನಿಮ್ಮ ಹೆಜ್ಜೆ ಕೇಳಿರಬಹುದು, ಇಲ್ಲವೇ ಗಾಳಿ ನಿಮ್ಮ ವಾಸನೆ ಒಯ್ದಿರಬಹುದು. ನೀವು ಎಷ್ಟು ಕಾಣುತ್ತೀರಿ, ಎಷ್ಟು ಸದ್ದು ಮಾಡುತ್ತೀರಿ, ಗಾಳಿ ಯಾವ ಕಡೆಗಿದೆ, ಎಲ್ಲವನ್ನೂ ಪರದೆಯೇ ತೋರಿಸುತ್ತದೆ. ನಾನು ನೋಡಿದಂತೆ ಹೆಚ್ಚಿನ ಸಲ ಕಾರಣ ಗಾಳಿ, ಇಲ್ಲದಿದ್ದರೆ ಪೊದೆ. ಪೊದೆಯೊಳಗೆ ನುಗ್ಗಿ ನಡೆದರೆ ಸದ್ದು ತುಂಬಾ ಜಾಸ್ತಿ. ಅದಕ್ಕೇ ಆಡುತ್ತಾ ಸಿಗುವ ಮೊದಲ ಅಂಕಗಳನ್ನು ಸಾಫ್ಟ್ ಫೀಟ್ ಎಂಬ ಕೌಶಲಕ್ಕೆ ಹಾಕಿ ಎಂದು ಎಲ್ಲರಿಗೂ ಹೇಳುತ್ತೇನೆ. ಗಿಡಗಂಟಿಗಳ ನಡುವೆ ನಡೆಯುವಾಗಿನ ಸದ್ದು ಅದರಿಂದ ತಗ್ಗುತ್ತದೆ. ಓಡಿದ ಗುಂಪು ಸ್ವಲ್ಪ ಹೊತ್ತಿನಲ್ಲಿ ಎಲ್ಲೋ ನಿಂತು ಮತ್ತೆ ಮೇಯಲು ಶುರುಮಾಡುತ್ತದೆ. ಅಲ್ಲಿವರೆಗೆ ನೀವು ಗಾಳಿಯ ಇನ್ನೊಂದು ಮಗ್ಗುಲಿಗೆ ಬಳಸಿಕೊಂಡು ಹೋಗಿರಬೇಕು.

ಬೆದೆಯ ಕೂಗು ಇನ್ನೂ ಸೊಗಸು. ಮುಂಜಾವಿನಲ್ಲಿ ಕಣಿವೆಯ ಆಚೆಯಿಂದ ಗಂಡು ಕೆಂಪು ಜಿಂಕೆ ಗುಟುರು ಹಾಕುವುದನ್ನು ಕೇಳುವುದಕ್ಕಾಗಿಯೇ ನಾನು ಎಷ್ಟೋ ಸಲ ಆಟ ಶುರುಮಾಡಿದ್ದೇನೆ. ಒಂದು ಕಡೆಯಿಂದ ಕೇಳಿ ಗುರುತು ಮಾಡಿಕೊಳ್ಳಿ, ಸ್ವಲ್ಪ ಪಕ್ಕಕ್ಕೆ ನಡೆದು ಮತ್ತೆ ಕೇಳಿ. ಎರಡು ದಿಕ್ಕುಗಳು ಕೂಡುವ ಜಾಗದ ಆಸುಪಾಸಿನಲ್ಲೇ ಪ್ರಾಣಿ ಇರುತ್ತದೆ.

ಇನ್ನು ಕರೆಯುವ ಪೀಪಿಗಳು. ಒಂದೊಂದು ಪೀಪಿಗೆ ಒಂದೊಂದು ಬಗೆಯ ಪ್ರಾಣಿ ಬರುತ್ತದೆ. ಹೊಸಬರು ಇದನ್ನು ಬಿಡುವಿಲ್ಲದೆ ಊದುತ್ತಾರೆ, ಆಮೇಲೆ ಪ್ರಾಣಿ ಮೈಮೇಲೇ ಬಂದು ಕೂಗಿ ಓಡಿತು ಎಂದು ಬೇಸರಪಡುತ್ತಾರೆ. ಪ್ರಾಣಿ ಬರುವುದು ನೀವು ಊದಿದ ಜಾಗಕ್ಕೆ. ಊದಿದ ಮೇಲೆ ಅಲ್ಲಿಂದ ಸದ್ದಿಲ್ಲದೆ ಸರಿದು, ಗಾಳಿ ಎದುರಿಗೆ ಬರುವಂತೆ ಕೂರಬೇಕು. ಇದೊಂದು ಅಭ್ಯಾಸವಾದರೆ ನೀವು ಕೇಳುವ ಎಚ್ಚರಿಕೆಯ ಕೂಗುಗಳು ಎಷ್ಟೋ ಕಡಿಮೆಯಾಗುತ್ತವೆ.

ನಮ್ಮೂರಲ್ಲಿ ಇದನ್ನು ಆಡಲು ಒಂದು ತೊಂದರೆ ಇದೆ, ಅದು ಮಳೆ. ಜುಲೈನಲ್ಲಿ ಹೆಂಚಿನ ಮೇಲೆ ಮಳೆ ಹೊಡೆಯುವಾಗ ಲ್ಯಾಪ್‌ಟಾಪ್‌ನ ಸ್ಪೀಕರ್ ಕೇಳುವುದೇ ಇಲ್ಲ. ಕಿವಿಯನ್ನು ಪೂರ್ತಿ ಮುಚ್ಚುವ ಹೆಡ್‌ಫೋನ್ ಬೇಕೇ ಬೇಕು. ದುಬಾರಿಯದು ಬೇಡ, ಎಡ ಬಲ ಸರಿಯಾಗಿ ಬೇರೆಯಾಗಿ ಕೇಳಿಸಿದರೆ ಸಾಕು. ಸಂಗೀತವನ್ನು ಸೊನ್ನೆಗಿಳಿಸಿ. ಬಾತುಗಳ ಗಲಾಟೆ ನಿಜಕ್ಕೂ ಕಿರಿಕಿರಿ ಅನಿಸುವವರು ನೀರಿನ ದಂಡೆ ಬಿಟ್ಟು ಮೇಲಿನ ಗುಡ್ಡದಲ್ಲಿ ಕೂರುವುದು ಒಳ್ಳೆಯದು. ಅಲ್ಲಿಂದ ದುರ್ಬೀನಿನಲ್ಲಿ ನೋಡಿದರೆ ಯಾವ ಪ್ರಾಣಿ ಯಾವ ಹೊತ್ತಿಗೆ ನೀರಿಗೆ ಬರುತ್ತದೆ ಎಂದು ತಿಳಿಯುತ್ತದೆ. ಒಂದೊಂದು ಜಾತಿಗೂ ನೀರು, ಮೇವು, ವಿಶ್ರಾಂತಿಗೆ ಹೊತ್ತು ಗೊತ್ತಾಗಿದೆ.

"ಎಂತಕ್ಕೋ ಈ ಶಿಕಾರಿ ಆಟ?" ಎಂದು ಅಪ್ಪಯ್ಯ ಒಮ್ಮೆ ಕೇಳಿದರು. ಪ್ರಶ್ನೆ ಸರಿಯಾಗಿಯೇ ಇದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ನಮ್ಮಲ್ಲಿ ಬೇಟೆ ಅಪರಾಧ. ಅದು ಹಾಗೇ ಇರಬೇಕು ಎಂದು ಮನಸಾರೆ ನಂಬುವವನು ನಾನು. ಬಾಯಲ್ಲಿ ಉತ್ತರ ಹೇಳುವ ಬದಲು ಹೆಡ್‌ಫೋನ್ ಅವರ ಕಿವಿಗೆ ಹಾಕಿದೆ. ಹರೆಯದಲ್ಲಿ ಗದ್ದೆಯ ಮಾಳದಲ್ಲಿ ರಾತ್ರಿಯಿಡೀ ಕೂತು ಹಂದಿ ಕಾದವರು ಅವರು. ತುಸು ಹೊತ್ತು ಕೇಳಿ, "ಎಡಕ್ಕೆ ಹಂದಿ ಅದೆ, ಒಂದಲ್ಲ" ಎಂದರು. ನನಗೆ ಇನ್ನೂ ಏನೂ ಕಂಡಿರಲಿಲ್ಲ. ಇಳಿಜಾರಿನ ಮರಗಳ ಸಂದಿಯಲ್ಲಿ ಹಿಂಡು ಹೊರಗೆ ಬಂದಾಗ ಇಬ್ಬರಿಗೂ ಖುಷಿಯಾಯಿತು. ಆ ದಿನ ಗುಂಡು ಹಾರಿಸಲಿಲ್ಲ. ಈಗಲೂ ನಾನು ಹೆಚ್ಚಾಗಿ ಹುಡುಕಿ, ನೋಡಿ ಬಿಟ್ಟುಬಿಡುತ್ತೇನೆ. ಹಾಗೆ ಆಡಿದರೂ ಆಟ ಸಪ್ಪೆಯಾಗುವುದಿಲ್ಲ.

ಕೊರತೆ ಇಲ್ಲವೇ? ಇದೆ, ಅದೂ ಸದ್ದಿನಲ್ಲೇ. ಬಹಳ ದಿನ ಆಡಿದ ಮೇಲೆ ಒಂದೇ ಕೂಗು ಅದೇ ದನಿಯಲ್ಲಿ ಮರುಕಳಿಸುವುದು ಗೊತ್ತಾಗುತ್ತದೆ. ಅದಕ್ಕಿಂತ ನನಗೆ ಹೆಚ್ಚಾಗಿ ಅನಿಸುವುದು, ಇಲ್ಲಿ ಒಂದು ಜಾತಿಯ ಮಾತು ಇನ್ನೊಂದು ಜಾತಿಗೆ ಅಷ್ಟಾಗಿ ತಾಕುವುದಿಲ್ಲ. ನಿಜವಾದ ಕಾಡಿನಲ್ಲಿ ಮರದ ಮೇಲಿನ ಮುಸುವ ಕೂಗಿದರೆ ಕೆಳಗಿನ ಜಿಂಕೆ ಕಿವಿ ನಿಮಿರಿಸುತ್ತದೆ. ಕಡವೆ ಕೂಗಿದರೆ ದಾಂಡೇಲಿ ಕಡೆಯ ಸಫಾರಿ ಜೀಪಿನವರು ಎಂಜಿನ್ ಆರಿಸಿ ಕಾಯುತ್ತಾರೆ, ಹುಲಿಯೋ ಚಿರತೆಯೋ ಹತ್ತಿರ ಇರಬಹುದು ಎಂದು. ನವಿಲು, ಕೆಂದಳಿಲು ಎಲ್ಲವೂ ಆ ಸುದ್ದಿಗೆ ದನಿ ಸೇರಿಸುತ್ತವೆ. ಈ ಹೆಣಿಗೆ ಆಟದಲ್ಲಿ ಬಂದರೆ ನಾನು ಮತ್ತೆ ದುಡ್ಡು ಕೊಟ್ಟು ಕೊಳ್ಳಲು ತಯಾರು.

ಹೆಚ್ಚುವರಿ ಕಾಡುಗಳಿಗೆ ಬೇರೆ ದುಡ್ಡು ಕೊಡಬೇಕು. ನೇಪಾಳದ ಮಾದರಿಯ ಸುಂದರಪಾಟನ್‌ನಲ್ಲಿ ಹುಲಿ, ನೀಲಗಾಯ್, ಕೃಷ್ಣಮೃಗ ಎಲ್ಲ ಇವೆ. ರಾಣೆಬೆನ್ನೂರಿನ ಕೃಷ್ಣಮೃಗ ಧಾಮ ನೋಡಿದವರಿಗೆ ಅದು ಇಷ್ಟವಾಗುತ್ತದೆ. ಫಿನ್ಲೆಂಡ್‌ನ ರೆವೊಂಟುಲಿ ಕೋಸ್ಟ್‌ನಲ್ಲಿ ಹಕ್ಕಿಗಳು ತುಂಬಾ. ಗದ್ದಲ ಇಷ್ಟವಿಲ್ಲದವರು ಅದನ್ನು ಕೊನೆಗೆ ಇಟ್ಟುಕೊಳ್ಳಿ. ಆಟಗಳನ್ನು ಮಾರುವ ಸ್ಟೀಮ್ ಎಂಬ ಆನ್‌ಲೈನ್ ಅಂಗಡಿಯಲ್ಲಿ ಆಗಾಗ ರಿಯಾಯಿತಿ ಬರುತ್ತದೆ, ಅವಸರ ಬೇಡ. ಮೊದಲು ಹಿರ್ಶ್‌ಫೆಲ್ಡನ್‌ನಲ್ಲೇ ಇದ್ದು, ರೋ ಜಿಂಕೆಯ ಎರಡು ಕೂಗುಗಳನ್ನು ಹಂಟರ್‌ಮೇಟ್ ನೋಡದೆ ಗುರುತಿಸಲು ಬಂದ ಮೇಲೆ ಮುಂದಿನದನ್ನು ಕೊಳ್ಳಿ.