ಮದುವೆ ಫೋಟೊ ಪಾವಗಡದ ಮೊಬೈಲ್‌ಗೆ ತಲುಪಬೇಕು: ಫೈಬರ್ ಮತ್ತು ಕ್ಲೌಡ್ ಗ್ಯಾಲರಿ, ಬಳಸಿದವನ ವಿಮರ್ಶೆ

ಮದುವೆ ಫೋಟೊಗ್ರಫಿ ಮಾಡುವವರು ಇಂಟರ್ನೆಟ್ ಹಾಕಿಸುವಾಗ ಮೊದಲು ಕೇಳಬೇಕಾದದ್ದು ಅಪ್‌ಲೋಡ್ ಎಷ್ಟು ಅಂತ. ಡೌನ್‌ಲೋಡ್ ಮುನ್ನೂರು, ಐನೂರು ಅಂತ ಬ್ಯಾನರ್‌ನಲ್ಲಿ ದೊಡ್ಡದಾಗಿ ಬರೆದಿರುತ್ತಾರೆ. ನಮಗೆ ಅದರಿಂದ ಆಗುವ ಉಪಕಾರ ಕಡಿಮೆ. ನಮ್ಮ ಸರಕು ಸ್ಟುಡಿಯೊದಿಂದ ಆಚೆ ಹೋಗಬೇಕು.

ತುಮಕೂರಿನ ಬಿ.ಎಚ್. ರಸ್ತೆಗೆ ಸೇರುವ ಒಂದು ಅಡ್ಡರಸ್ತೆಯಲ್ಲಿ ನನ್ನ ಸ್ಟುಡಿಯೊ ಇದೆ. ನಮ್ಮ ಬೀದಿಯ ಕೇಬಲ್‌ನವರ ಫೈಬರ್ ಒಂದು, ಅದರ ಮೇಲೆ ತಿಂಗಳ ಬಾಡಿಗೆಯ ಕ್ಲೌಡ್ ಗ್ಯಾಲರಿ, ಅಂದರೆ ಫೋಟೊ, ವಿಡಿಯೊಗಳನ್ನು ಇಂಟರ್ನೆಟ್‌ನಲ್ಲಿಟ್ಟು ಲಿಂಕ್ ಮೂಲಕ ತೋರಿಸುವ ಸೇವೆ, ಒಂದು. ಎರಡನ್ನೂ ಕಳೆದ ವೈಶಾಖದ ಮದುವೆ ಸೀಸನ್‌ನಿಂದ ಬಳಸುತ್ತಿದ್ದೇನೆ. ಕೇಬಲ್‌ನವರ ಹೆಸರು ಹೇಳಿ ಪ್ರಯೋಜನವಿಲ್ಲ. ಬಟವಾಡಿಗೆ ಬರುವವರು ಬೇರೆ, ಕ್ಯಾತ್ಸಂದ್ರಕ್ಕೆ ಬರುವವರು ಬೇರೆ. ಏನನ್ನು ನೋಡಿ ಹಾಕಿಸಬೇಕು ಅನ್ನುವುದು ಮಾತ್ರ ಎಲ್ಲರಿಗೂ ಒಂದೇ.

ಲೆಕ್ಕ ನೋಡಿ. ಆರತಕ್ಷತೆ, ಮುಹೂರ್ತ ಎರಡೂ ಸೇರಿ ಒಂದು ಮದುವೆಗೆ ಸ್ಟಿಲ್, ವಿಡಿಯೊ, ಡ್ರೋನ್ ಎಲ್ಲ ಕೂಡಿಸಿದರೆ ಸುಮಾರು 300 ಜಿಬಿ ಆಗುತ್ತದೆ. ಜಿಬಿ ಬೈಟ್ ಲೆಕ್ಕ, ಎಂಬಿಪಿಎಸ್ (ಸೆಕೆಂಡಿಗೆ ಎಷ್ಟು ಮೆಗಾಬಿಟ್ ಅನ್ನುವುದು) ಬಿಟ್ ಲೆಕ್ಕ. ಒಂದು ಬೈಟ್‌ಗೆ 8 ಬಿಟ್. ಅಪ್‌ಲೋಡ್ 10 ಎಂಬಿಪಿಎಸ್ ಇದ್ದರೆ ಈ 300 ಜಿಬಿ ಮೇಲೇರಲು ಹೆಚ್ಚು ಕಡಿಮೆ ಎರಡು ಮುಕ್ಕಾಲು ದಿನ ಬೇಕು. ಅಷ್ಟರಲ್ಲಿ ಮುಂದಿನ ಮದುವೆಯ ಚಪ್ಪರ ಏಳುತ್ತದೆ. 100 ಎಂಬಿಪಿಎಸ್ ಇದ್ದರೆ ಲೆಕ್ಕದ ಪ್ರಕಾರ ಆರು ಗಂಟೆ ನಲವತ್ತು ನಿಮಿಷ. ರಾತ್ರಿ ಶಟರ್ ಎಳೆಯುವಾಗ ಹಾಕಿದರೆ ಬೆಳಿಗ್ಗೆ ಕಾಫಿ ಹೊತ್ತಿಗೆ ಮುಗಿದಿರುತ್ತದೆ. ನಾನು ತೆಗೆದುಕೊಂಡಿರುವುದು ಹೋಗುವುದಕ್ಕೂ ಬರುವುದಕ್ಕೂ ನೂರೇ ಇರುವ ಪ್ಲಾನ್. ತಿಂಗಳಿಗೆ 999 ಅಂತಾರೆ, 18% ಜಿಎಸ್‌ಟಿ ಸೇರಿ ಕೈಗೆ ಬರುವ ಬಿಲ್ 1,179.

ರಾತ್ರಿ ಹಾಕುವುದಕ್ಕೆ ಇನ್ನೊಂದು ಕಾರಣವೂ ಇದೆ. ಬಹಳ ಊರುಗಳಲ್ಲಿ ಎಳೆದಿರುವುದು ಜಿಪಾನ್ ಅನ್ನುವ ಬಗೆಯ ಜಾಲ. ಒಂದೇ ಫೈಬರ್ ಕಂಬದ ಮೇಲಿನ ಡಬ್ಬಿಯಲ್ಲಿ 32 ಅಥವಾ 64 ಮನೆಗೆ ಕವಲೊಡೆಯುತ್ತದೆ. ಆ ಇಡೀ ಗುಂಪಿಗೆ ಬರುವ ದಾರಿ ಸೆಕೆಂಡಿಗೆ ಸುಮಾರು 2.5 ಗಿಗಾಬಿಟ್, ಹೋಗುವ ದಾರಿ ಅದರ ಅರ್ಧ. ಸಂಜೆ ಎಲ್ಲ ಮನೆಯಲ್ಲೂ ಕ್ರಿಕೆಟ್, ಸೀರಿಯಲ್ ಓಡುವಾಗ ಹಂಚಿಕೊಳ್ಳಲೇಬೇಕು. ನಡುರಾತ್ರಿ ಹೋಗುವ ದಾರಿ ಪೂರ್ತಿ ಖಾಲಿ. ಹಾಗಾಗಿ ಹಾಕಿಸುವ ಮೊದಲು ಒಂದು ಪೋರ್ಟ್‌ಗೆ, ಅಂದರೆ ನಿಮ್ಮ ಯಂತ್ರದಿಂದ ಹೊರಡುವ ಒಂದು ಫೈಬರ್‌ಗೆ, ಎಷ್ಟು ಮನೆ ಕೊಟ್ಟಿದ್ದೀರಿ ಅಂತಲೂ ಕೇಳಿ. ನೇರವಾಗಿ ಉತ್ತರ ಕೊಡುವ ಆಪರೇಟರ್ ಸಿಕ್ಕರೆ ಬಿಡಬೇಡಿ.

ನಮ್ಮ ಕೇಬಲ್‌ನವರ ಬಗ್ಗೆ ನನಗೆ ಗೌರವ ಬಂದದ್ದು ಲೈನ್ ಕೆಟ್ಟ ದಿನ. ಗೋಡೆಯ ಮೇಲಿನ ಡಬ್ಬಿಯಲ್ಲಿ ಸಿಗ್ನಲ್ ಬರುತ್ತಿಲ್ಲ ಅಂತ ಹೇಳುವ ಎಲ್‌ಒಎಸ್ ದೀಪ ಕೆಂಪಗೆ ಮಿಟುಕತೊಡಗಿತ್ತು. ಸಂಜೆ ಬಂದ ಹುಡುಗ ಮೊದಲು ವೈರ್ ಬಿಚ್ಚಿ ಬೆಳಕಿನ ಬಲ ಅಳೆಯುವ ಮೀಟರ್‌ಗೆ ಹಿಡಿದ. ಮೈನಸ್ 30 ಡಿಬಿಎಂ ತೋರಿಸಿತು. ಮೈನಸ್ 27ಕ್ಕಿಂತ ಕೆಳಗೆ ಇಳಿದರೆ ಡಬ್ಬಿಗೆ ಬೆಳಕು ಸಾಲುವುದಿಲ್ಲ ಸಾರ್ ಅಂದ. ಆಮೇಲೆ ಜೇಬಿನಿಂದ ಪೆನ್ನಿನಷ್ಟು ಉದ್ದದ ಲೇಸರ್ ತೆಗೆದು ವೈರಿನ ತುದಿಗೆ ಸಿಕ್ಕಿಸಿ, ಸ್ಟುಡಿಯೊ ಲೈಟ್ ಎಲ್ಲ ಆರಿಸಲು ಹೇಳಿದ. ಕತ್ತಲಲ್ಲಿ ವೈರ್ ಹಿಡಿದುಕೊಂಡು ಹೋದರೆ, ಕಿಟಕಿಯ ಚೌಕಟ್ಟು ಒತ್ತಿದ್ದ ಜಾಗದಲ್ಲಿ ಬಿಳಿ ಸಿಪ್ಪೆಯೊಳಗಿಂದ ಕೆಂಪು ಬೆಳಕು ಉರಿಯುತ್ತಿತ್ತು. ಕಿಟಕಿ ರಿಪೇರಿಗೆ ಬಂದವರು ಅಲ್ಲಿ ಮೊಳೆ ಬಿಗಿದಿದ್ದರು. ಬೆಳಕು ಓಡುವ ಗಾಜಿನ ಎಳೆ ಬರೀ 9 ಮೈಕ್ರಾನ್. ಚೂಪಾಗಿ ಮಡಿಸಿದರೆ ಬೆಳಕು ತಿರುವಿನಲ್ಲೇ ಸೋರಿಹೋಗುತ್ತದೆ. ಅಷ್ಟು ತುಂಡು ಕತ್ತರಿಸಿ, ಎರಡು ಗಾಜಿನ ತುದಿಗಳನ್ನು ಸಣ್ಣ ಯಂತ್ರದಲ್ಲಿಟ್ಟು ವಿದ್ಯುತ್ ಕಿಡಿಯಲ್ಲಿ ಬೆಸೆದ. ಪರದೆಯ ಮೇಲೆ ಎರಡು ಗೆರೆಗಳು ಒಂದಾಗುವುದು ಕಣ್ಣಿಗೇ ಕಾಣುತ್ತಿತ್ತು. ಮತ್ತೆ ಮೀಟರ್ ಹಿಡಿದರೆ ಮೈನಸ್ 20. ಉಳಿದ ವೈರನ್ನು ಅಗಲವಾಗಿ ಸುತ್ತಿ ಇಡಿ, ಬಿಗಿಯಾಗಿ ಕಟ್ಟಬೇಡಿ ಅಂತ ಹೇಳಿ ಹೋದ. ಕೆಲಸ ಬಲ್ಲ ಹುಡುಗ ಬೀದಿಯಲ್ಲೇ ಇದ್ದಾನೆ ಅನ್ನುವುದಕ್ಕೆ ಹೆಚ್ಚಿಗೆ ನೂರು ರೂಪಾಯಿ ಕೊಟ್ಟರೂ ನಷ್ಟವಿಲ್ಲ.

ಕರೆಂಟ್ ಹೋದಾಗಿನ ವಿಚಾರ: ಕವಲೊಡೆಯುವ ಡಬ್ಬಿಗೆ ಕರೆಂಟೇ ಬೇಡ. ಆ ತುದಿಯಲ್ಲಿ ಕೇಬಲ್‌ನವರ ಬ್ಯಾಟರಿ, ಈ ತುದಿಯಲ್ಲಿ ನಮ್ಮ ರೌಟರ್‌ಗೆ 12 ವೋಲ್ಟ್‌ನ ಪುಟ್ಟ ಯುಪಿಎಸ್ ಇದ್ದರೆ ಬೀದಿಯೆಲ್ಲ ಕತ್ತಲಾದರೂ ಲೈನ್ ಜೀವಂತ.

ಇನ್ನು ಗ್ಯಾಲರಿ. ಸ್ಟುಡಿಯೊದಲ್ಲಿ ಸ್ಪೀಡ್ ಟೆಸ್ಟ್ ಮಾಡಿ ಖುಷಿಪಡುವುದು ಬೇರೆ, ಹುಡುಗಿಯ ಅಪ್ಪನ ಫೋನಿನಲ್ಲಿ ಫೋಟೊ ಮೂಡುವುದು ಬೇರೆ. ಪಾವಗಡ ತಾಲ್ಲೂಕಿನ ಹಳ್ಳಿಗೆ ಹಿಂದೆ ಪೆನ್‌ಡ್ರೈವ್ ಅನ್ನು ಬಸ್ಸಿನಲ್ಲಿ ಕಳಿಸುತ್ತಿದ್ದೆವು. ಈಗ ವಾಟ್ಸ್ಯಾಪ್‌ನಲ್ಲಿ ಒಂದು ಲಿಂಕ್, ಒಂದು ಪಿನ್. ನಾನು ಏರಿಸುವ ಒಂದೊಂದು ಫೋಟೊ 12 ಎಂಬಿ ಇರುತ್ತದೆ. ಅದನ್ನೇ ನೇರವಾಗಿ ಕಳಿಸಿದರೆ ಹಳ್ಳಿಯ 4ಜಿ ಒದ್ದಾಡುತ್ತದೆ. ಈ ಗ್ಯಾಲರಿ ಪ್ರತಿ ಫೋಟೊಗೂ ಚಿಕ್ಕ ಪ್ರತಿ ಮಾಡಿಟ್ಟುಕೊಂಡು, ನೋಡುವಾಗ ಇನ್ನೂರು ಕೆಬಿಯ ಪ್ರತಿ ಕೊಡುತ್ತದೆ; ಡೌನ್‌ಲೋಡ್ ಒತ್ತಿದರೆ ಮಾತ್ರ ಮೂಲ ಫೈಲ್. ವಿಡಿಯೊ ಕೂಡ ಹಾಗೆಯೇ, ತುಂಡು ತುಂಡಾಗಿ ಹಲವು ಗುಣಮಟ್ಟದಲ್ಲಿ ಇಟ್ಟಿರುತ್ತದೆ. ಸಿಗ್ನಲ್ ಇಳಿದಾಗ ಚಿತ್ರ ಸ್ವಲ್ಪ ಮಸುಕಾಗುತ್ತದೆ, ತಾಳಿ ಕಟ್ಟುವ ಹೊತ್ತಿಗೆ ಸರಿಯಾಗಿ ಚಕ್ರ ಸುತ್ತುತ್ತಾ ನಿಲ್ಲುವುದಿಲ್ಲ.

ಸರ್ವರ್ ಎಲ್ಲಿದೆ ಅನ್ನುವುದೂ ಮುಖ್ಯ. ಇವರದು ಮುಂಬೈನಲ್ಲಿದೆ. ಅಮೆಜಾನ್ 2016ರಲ್ಲಿ ಮುಂಬೈನಲ್ಲಿ, 2022ರಲ್ಲಿ ಹೈದರಾಬಾದ್‌ನಲ್ಲಿ ತನ್ನ ಕ್ಲೌಡ್ ಕೇಂದ್ರ ತೆರೆದ ಮೇಲೆ ಇಂಥ ಸೇವೆಗಳಿಗೆ ಸಮುದ್ರ ದಾಟುವ ಅಗತ್ಯ ಉಳಿದಿಲ್ಲ. ಫೈಬರ್‌ನಲ್ಲಿ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರ್ ಓಡುತ್ತದೆ. ಮುಂಬೈ ದೂರ ಅದಕ್ಕೆ ಲೆಕ್ಕಕ್ಕಿಲ್ಲ. ಅಮೆರಿಕಕ್ಕೆ ಹೋಗಿ ಬರುವಷ್ಟರಲ್ಲಿ ಮಾತ್ರ ಸೆಕೆಂಡಿನ ಐದನೇ ಒಂದು ಭಾಗ ಕಳೆದಿರುತ್ತದೆ. ಒಂದು ಫೋಟೊಗೆ ಅದು ಏನೂ ಅಲ್ಲ. ಆಲ್ಬಮ್ ಸರಸರ ಸರಿಸುವ ಬೆರಳಿಗೆ ಅದು ಗೊತ್ತಾಗುತ್ತದೆ.

ಅದಕ್ಕೇ ಹೊಸ ಸೇವೆ ಪರೀಕ್ಷಿಸುವಾಗ ಸ್ಟುಡಿಯೊ ವೈಫೈ ಆರಿಸಿಬಿಡಿ. ಕೈಗೆ ಸಿಗುವ ಅತಿ ಹಳೆಯ ಫೋನು, ಮೊಬೈಲ್ ಡೇಟಾ, ಸಾಧ್ಯವಾದರೆ ಊರಾಚೆ ನಿಂತು ಲಿಂಕ್ ತೆರೆಯಿರಿ. ಅಲ್ಲಿ ಓಡಿದ್ದು ಎಲ್ಲ ಕಡೆಯೂ ಓಡುತ್ತದೆ.

ಸೆಲ್ಫಿ ಕೊಟ್ಟರೆ ನಮ್ಮ ಫೋಟೊ ಹುಡುಕಿಕೊಡುವ ಸೌಲಭ್ಯವೂ ಇದೆ. ಮನೆಯವರು ಒಪ್ಪಿದರೆ ಮಾತ್ರ ಹಾಕುತ್ತೇನೆ. ಹೆಣ್ಣುಮಕ್ಕಳ ಮುಖಗಳನ್ನು ಯಂತ್ರ ಗುರುತಿಟ್ಟುಕೊಳ್ಳುವ ವಿಷಯ ಇದು, ಕೇಳದೆ ಮಾಡಬಾರದು.

ಗ್ಯಾಲರಿಯ ಮೇಲೆ ನನ್ನ ದೊಡ್ಡ ಬೇಸರ ಕನ್ನಡದ್ದು. ಫೋಲ್ಡರ್‌ಗೆ ಧಾರೆ, ನಾಗೋಲಿ, ಚಪ್ಪರ ಅಂತ ಕನ್ನಡದಲ್ಲಿ ಹೆಸರಿಟ್ಟರೆ ಪರದೆಯ ಮೇಲೆ ಚೆನ್ನಾಗಿ ಕಾಣುತ್ತದೆ, ಜಿಪ್ ಮಾಡಿ ಇಳಿಸಿದರೆ ಬರೀ ಅಡ್ಡಗೆರೆಗಳು. ಮೆನು ಪೂರ್ತಿ ಇಂಗ್ಲಿಷ್. ಹಳ್ಳಿಯ ಅಜ್ಜಿ ಮೊಮ್ಮಗಳ ಮದುವೆ ನೋಡಲು ಪಕ್ಕದ ಮನೆಯ ಹುಡುಗನನ್ನು ಕರೆಯಬೇಕಾದರೆ ಈ ಸೇವೆ ಇನ್ನೂ ಪೂರ್ತಿ ಮನೆ ಮುಟ್ಟಿಲ್ಲ ಅಂತಲೇ ನಾನು ಹೇಳುವುದು. ಫೈಬರ್‌ಗೆ ಐದಕ್ಕೆ ನಾಲ್ಕೂವರೆ, ಗ್ಯಾಲರಿಗೆ ಇದೊಂದಕ್ಕೇ ಮೂರೂವರೆ.

ಬಾಡಿಗೆ ಕಟ್ಟುವುದು ನಿಂತರೆ ಎಷ್ಟು ದಿನಕ್ಕೆ ಅಳಿಸುತ್ತಾರೆ ಅನ್ನುವುದನ್ನು ಸೇರುವ ಮೊದಲೇ ಓದಿ. ಕ್ಲೌಡ್ ಇದ್ದರೂ ಮೂಲ ಫೈಲ್‌ಗಳ ಎರಡು ಹಾರ್ಡ್‌ಡಿಸ್ಕ್ ನಾನು ಇಟ್ಟೇ ಇಡುತ್ತೇನೆ, ಒಂದು ಸ್ಟುಡಿಯೊದಲ್ಲಿ, ಒಂದು ಮನೆಯಲ್ಲಿ. ಇನ್ನೊಂದು ಮಾತು: ಆಷಾಢದಲ್ಲಿ, ಧನುರ್ಮಾಸದಲ್ಲಿ ನಮಗೆ ಮದುವೆ ಕೆಲಸ ಇಲ್ಲ, ಗ್ಯಾಲರಿ ಬಾಡಿಗೆ ಮಾತ್ರ ಹನ್ನೆರಡು ತಿಂಗಳೂ ಓಡುತ್ತದೆ. ಆ ತಿಂಗಳುಗಳಲ್ಲಿ ಹಳೆಯ ಆಲ್ಬಮ್‌ಗಳನ್ನು ತೆರೆದಿಟ್ಟು, ಹೊಸದನ್ನು ಏರಿಸದವರಿಗೆ ಅರ್ಧ ಬಾಡಿಗೆಯ ಪ್ಲಾನ್ ಕೊಡಿ ಅಂತ ಅವರಿಗೆ ಬರೆದಿದ್ದೇನೆ. ನೀವೂ ಇದೇ ಕಸುಬಿನವರಾದರೆ ನಿಮ್ಮ ಗ್ಯಾಲರಿಯವರಿಗೆ ಬರೆಯಿರಿ.